ಪೈಲಟ್ ಜೇಬಿನ ಚಾಕು, ನಮ್ಮ ಜೇಬಿನ ಚಾಕು

1/4
2023ರ ಜೂನ್ 1. ಚಾಮರಾಜನಗರ ತಾಲ್ಲೂಕಿನ ಭೋಗಾಪುರದ ಹತ್ತಿರ ವಾಯುಪಡೆಯ ಕಿರಣ್ ತರಬೇತಿ ವಿಮಾನ ಬಿತ್ತು, ನೆನಪಿದೆಯಾ? ಒಳಗಿದ್ದ ಇಬ್ಬರೂ ಸೀಟ್ ಸಮೇತ ಹೊರಗೆ ಚಿಮ್ಮಿ, ಪ್ಯಾರಾಚೂಟ್‌ನಲ್ಲಿ ಇಳಿದು ಬದುಕಿಕೊಂಡ್ರು.

ವಿಮಾನ ಬಿದ್ದದ್ದು ಬಯಲಲ್ಲಿ. ಅದೇ ಬಂಡೀಪುರದ ಕಾಡಿನ ಮೇಲೆ ಆಗಿದ್ರೆ? ಪ್ಯಾರಾಚೂಟ್ ಮರಕ್ಕೆ ಸಿಕ್ಕಿಕೊಂಡು ಮನುಷ್ಯ ಹಗ್ಗದಲ್ಲಿ ನೇತಾಡಬಹುದು. ಗಾಳಿ ಜೋರಿದ್ರೆ ನೆಲದ ಮೇಲೂ ದರದರ ಎಳ್ಕೊಂಡು ಹೋಗ್ತದೆ. ಒಂದು ಕೈಗೆ ಪೆಟ್ಟಾಗಿರಬಹುದು. ಪೈಲಟ್‌ಗೆ ಚಾಕು ಬೇಕಾಗೋದು ಇಂಥ ಹೊತ್ತಲ್ಲಿ. ಅಮೆರಿಕದ ಪೈಲಟ್‌ಗಳಿಗೆ ಕೊಡ್ತಿದ್ದ ಎಂಸಿ-1 ಅನ್ನೋ ಮಡಚೋ ಚಾಕುವಿಗೆ ಕಿತ್ತಳೆ ಬಣ್ಣದ ಹಿಡಿ, ಮಾಮೂಲಿ ಅಲಗಿನ ಜೊತೆ ಕೊಕ್ಕೆ ಥರದ ಇನ್ನೊಂದು ಅಲಗು. ಕೊಕ್ಕೆಗೆ ಹಗ್ಗ ಸಿಕ್ಕಿಸಿ ಒಂದೇ ಕೈಲಿ ಎಳೆದ್ರೆ ಕಟ್.

2/4
ಈಗ ರೀಲ್ಸ್ ತೆರೆದ್ರೆ ಸಾಕು, "ಸರ್ವೈವಲ್ ನೈಫ್" ಜಾಹೀರಾತು. ಗೋಪಾಲಸ್ವಾಮಿ ಬೆಟ್ಟಕ್ಕೆ ಟ್ರಿಪ್ ಅಂದ ತಕ್ಷಣ ಸೊಂಟಕ್ಕೆ ಒಂದು ಚಾಕು ಸಿಕ್ಕಿಸಿ ಫೋಟೋ ಹಾಕೋರು ನಮ್ಮಲ್ಲೇ ಇದ್ದಾರೆ. ನನ್ನ ತಕರಾರು ಇರೋದು ಇಲ್ಲೇ.

ಪೈಲಟ್ ಲೆಕ್ಕದಲ್ಲಿ ಚಾಕು ಕಟ್ಟಕಡೆಯದು. ಅದಕ್ಕೂ ಮೊದಲು ಎಲ್ಲಿಗೆ ಹೋಗ್ತೀನಿ, ಯಾವ ದಾರಿ, ಎಷ್ಟೊತ್ತಿಗೆ ತಲುಪ್ತೀನಿ ಅನ್ನೋದು ಬರೆದು ಕೊಟ್ಟಿರ್ತಾರೆ. ನೆಲದಿಂದ ರೇಡಿಯೋದಲ್ಲಿ ಒಬ್ಬರು ಮಾತಾಡ್ತಿರ್ತಾರೆ. ಹೊತ್ತಿಗೆ ಸರಿಯಾಗಿ ಬರಲಿಲ್ಲ ಅಂದ್ರೆ ಹುಡುಕಾಟ ಶುರು. ಹುಡುಕೋರು ಬರೋವರೆಗೂ ಜೀವ ಹಿಡಿದಿರೋಕೆ ಆ ಚಾಕು. ನಾವು ಇದಿಷ್ಟನ್ನೂ ಬಿಟ್ಟು ಚಾಕು ಮಾತ್ರ ಆರ್ಡರ್ ಮಾಡ್ತೀವಿ. ಮನೇಲಿ ಕೇಳಿದ್ರೆ "ಇಲ್ಲೇ ಫ್ರೆಂಡ್ ಮನೆಗೆ" ಅಂತೀವಿ. ಹುಡುಕೋರು ಎಲ್ಲಿಗೆ ಬರಬೇಕು ಕಣ್ರಪ್ಪಾ?

3/4
ಇನ್ನೊಂದು ವಿಷಯ ತುಂಬ ಜನಕ್ಕೆ ಗೊತ್ತಿಲ್ಲ. 1,454 ಮೀಟರ್ ಎತ್ತರದ ನಮ್ಮ ಬೆಟ್ಟ ಇರೋದು ಬಂಡೀಪುರ ಹುಲಿ ಸಂರಕ್ಷಿತ ಪ್ರದೇಶದೊಳಗೆ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ 31ನೇ ಸೆಕ್ಷನ್ ಪ್ರಕಾರ, ಲಿಖಿತ ಅನುಮತಿ ಇಲ್ಲದೆ ಅಭಯಾರಣ್ಯದೊಳಗೆ ಆಯುಧ ಒಯ್ಯೋ ಹಾಗಿಲ್ಲ. ರಾಷ್ಟ್ರೀಯ ಉದ್ಯಾನಕ್ಕೂ ಇದೇ ನಿಯಮ. ಆಯುಧ ಅಂದ್ರೆ ಬಂದೂಕು ಒಂದೇ ಅಲ್ಲ. ಕಾಯ್ದೆಯ ಪಟ್ಟಿಯಲ್ಲಿ ಬಿಲ್ಲು, ಬಲೆ, ಉರುಳಿನ ಜೊತೆ ಚಾಕುವೂ ಇದೆ. ಸೀಬೆಕಾಯಿ ಹೆಚ್ಚೋಕೆ ಅಂತೀರಾ? ಕಚ್ಚಿ ತಿನ್ನಿ.

ಕಾನೂನು ಪಕ್ಕಕ್ಕಿಡಿ, ಅದರಿಂದ ಉಪಯೋಗ ಏನು? ಖಾಸಗಿ ಗಾಡಿ ಬೆಟ್ಟದ ಬುಡದಲ್ಲೇ ನಿಲ್ತದೆ, ಮೇಲಕ್ಕೆ ಕೆಎಸ್‌ಆರ್‌ಟಿಸಿ ಬಸ್ಸು. ಬಸ್ಸಲ್ಲಿ ಕೂತು, ದರ್ಶನ ಮಾಡಿ, ಬಸ್ಸಲ್ಲೇ ಇಳಿಯೋರಿಗೆ ಚಾಕು ಯಾಕೆ? ಆನೆ ಎದುರು ಬಂದ್ರೆ ನಾಲ್ಕಿಂಚು ಕಬ್ಬಿಣ ಏನು ಮಾಡ್ತದೆ? 2025ರ ಆಗಸ್ಟ್‌ನಲ್ಲಿ ಬಂಡೀಪುರದ ಹೆದ್ದಾರಿಯಲ್ಲಿ ಕೆಳಗಿಳಿದು ಆನೆ ಹತ್ತಿರ ಹೋದ ಒಬ್ಬರನ್ನ ಅದು ಅಟ್ಟಿಸ್ಕೊಂಡು ಬಂದು ಬೀಳಿಸಿದ ವಿಡಿಯೋ ನೀವೆಲ್ಲ ನೋಡಿದ್ದೀರಿ. ಗಾಡಿಯಿಂದ ಇಳಿಯದೆ ಇದ್ದಿದ್ರೆ ಅದೇ ದೊಡ್ಡ ರಕ್ಷಣೆ ಆಗ್ತಿತ್ತು.

4/4
"ಅಕಸ್ಮಾತ್ ಏನಾದ್ರೂ ಆದ್ರೆ?" ಅಂತ ಕೇಳೋರಿಗೆ ಒಂದು ನಿಜವಾದ ಘಟನೆ. 1971ರ ಡಿಸೆಂಬರ್ 24, ಪೆರು ದೇಶ. ಸಿಡಿಲು ಬಡಿದು ವಿಮಾನ ಆಕಾಶದಲ್ಲೇ ಒಡೆಯಿತು. 92 ಜನರಲ್ಲಿ ಉಳಿದದ್ದು ಒಬ್ಬಳೇ, 17 ವರ್ಷದ ಯೂಲಿಯಾನೆ ಕೋಪ್ಕೆ. ಅಮೆಜಾನ್ ಕಾಡಲ್ಲಿ 11 ದಿನ. ಒಂದು ಕಾಲಿಗೆ ಮಾತ್ರ ಚಪ್ಪಲಿ, ಕನ್ನಡಕ ಕಳೆದುಹೋಗಿತ್ತು. ಉಳಿಸಿದ್ದು ಚಾಕು ಅಲ್ಲ, ಅಪ್ಪ ಹೇಳಿಕೊಟ್ಟ ಮಾತು: ತೊರೆ ಹಿಡಿದು ನಡೆದ್ರೆ ಜನ ಸಿಗ್ತಾರೆ. ಅಪ್ಪ ಅಮ್ಮ ಇಬ್ಬರೂ ಪ್ರಾಣಿ-ಪಕ್ಷಿಗಳ ಅಧ್ಯಯನ ಮಾಡೋರು, ಅವರ ಜೊತೆ ಅವಳೂ ಕೆಲಕಾಲ ಕಾಡಲ್ಲಿ ಇದ್ದವಳು.

ಆದ್ರೆ ಅದೇ ಉಪಾಯ ಇಲ್ಲಿ ಮಾಡೋಕೆ ಹೋಗ್ಬೇಡಿ. ಬಂಡೀಪುರದಲ್ಲಿ ನೀರಿನ ಜಾಡು ಹಿಡಿದ್ರೆ ಮೊದಲು ಸಿಗೋದು ಆನೆ ಹಿಂಡು. ಪ್ರತಿ ಕಾಡಿಗೂ ಅದರದ್ದೇ ತಿಳುವಳಿಕೆ ಬೇಕು. ನಮ್ಮ ಕಾಡಿನ ತಿಳುವಳಿಕೆ ಸೋಲಿಗರ ಹತ್ತಿರ, ಜೇನುಕುರುಬರ ಹತ್ತಿರ, ದಿನಾ ಗಸ್ತು ತಿರುಗೋ ಫಾರೆಸ್ಟ್ ವಾಚರ್‌ಗಳ ಹತ್ತಿರ ಇದೆ. ಅದು ಆನ್‌ಲೈನ್‌ನಲ್ಲಿ ಪ್ಯಾಕ್ ಆಗಿ ಬರಲ್ಲ.

ಪೈಲಟ್‌ಗಳಿಂದ ಕಲಿಯೋದಾದ್ರೆ ಹೊರಡೋ ಮುಂಚಿನ ಅಭ್ಯಾಸ ಕಲಿಯೋಣ. ಮುಂದಿನ ಸಲ ಬೆಟ್ಟಕ್ಕೆ ಹೊರಡುವಾಗ ಮನೆಗೆ ಒಂದು ಮೆಸೇಜ್ ಹಾಕಿ: ಯಾರ ಜೊತೆ, ಎಲ್ಲಿಗೆ, ಎಷ್ಟೊತ್ತಿಗೆ ವಾಪಸ್. ಸುಳ್ಳು ಹೇಳದೆ. ಆ ಚಾಕು ಅಡುಗೆಮನೇಲಿ ಅಮ್ಮನಿಗೆ ಕೊಡಿ, ಈರುಳ್ಳಿಗಾದ್ರೂ ಆಗ್ತದೆ.

ನಿಮಗೇನನ್ನಿಸ್ತದೆ? ಕಮೆಂಟಲ್ಲಿ ಜಗಳ ಆಡೋಣ ಬನ್ನಿ.

#ಗೋಪಾಲಸ್ವಾಮಿಬೆಟ್ಟ #ಬಂಡೀಪುರ #ಗುಂಡ್ಲುಪೇಟೆ #ನಮ್ಮಚಾಮರಾಜನಗರ