ಫುರುಹಾಶಿಯವರಿಗೆ ಮುಚ್ಚಿದ ಬಾಗಿಲು

ಯುದ್ಧ ಹೂಡಿದ ರಾಷ್ಟ್ರಗಳ ಕ್ರೀಡಾಪಟುಗಳನ್ನು ಜಾಗತಿಕ ಕೂಟಗಳಿಂದ ಹೊರಗಿಡಬೇಕೆಂಬ ವಾದವು ಆಗಿಂದಾಗ್ಗೆ ಕೇಳಿಬರುತ್ತದೆ. ಹಾಗೆ ವಾದಿಸುವವರು ಜಪಾನಿನ ಈಜುಗಾರ ಹಿರೋನೋಶಿನ್ ಫುರುಹಾಶಿಯವರ ವೃತ್ತಾಂತವನ್ನೊಮ್ಮೆ ಅವಲೋಕಿಸಬೇಕೆಂದು ನಮ್ಮ ವಿನಂತಿ.

೧೯೪೮ರ ಲಂಡನ್ ಒಲಿಂಪಿಕ್ ಕೂಟಕ್ಕೆ ಜಪಾನಿಗೆ ಪ್ರವೇಶವಿರಲಿಲ್ಲ. ಸ್ವತಂತ್ರ ಭಾರತವು ಹಾಕಿಯಲ್ಲಿ ತನ್ನ ಮೊದಲ ಚಿನ್ನವನ್ನು ಗೆದ್ದುದೂ ಅದೇ ಕೂಟದಲ್ಲಿಯೇ. ಜಪಾನೀಯರು ತಮ್ಮ ರಾಷ್ಟ್ರೀಯ ಈಜು ಪಂದ್ಯಗಳನ್ನು ಅದೇ ದಿನಗಳಲ್ಲಿ ಟೋಕಿಯೋದಲ್ಲಿ ಏರ್ಪಡಿಸಿದರು. ಫುರುಹಾಶಿಯವರು ೧೫೦೦ ಮೀಟರುಗಳನ್ನು ೧೮ ನಿಮಿಷ ೩೭ ಸೆಕೆಂಡುಗಳಲ್ಲಿ ಈಜಿದರು. ಲಂಡನ್ನಿನಲ್ಲಿ ಚಿನ್ನ ಪಡೆದ ಅಮೆರಿಕದ ಮ್ಯಾಕ್ಲೇನರಿಗೆ ಹಿಡಿದುದು ೧೯ ನಿಮಿಷ ೧೮.೫ ಸೆಕೆಂಡು! ಜಪಾನು ಅಂತರರಾಷ್ಟ್ರೀಯ ಈಜು ಒಕ್ಕೂಟದ ಹೊರಗಿದ್ದುದರಿಂದ, ವಿಶ್ವದಾಖಲೆಯನ್ನು ಮೀರಿದ ಆ ವೇಗಕ್ಕೆ ಮನ್ನಣೆಯೇ ದೊರೆಯಲಿಲ್ಲ.

ಜಪಾನೀ ಸೈನ್ಯವು ಚೀನದಲ್ಲಿ ನಡೆಸಿದ ಕ್ರೌರ್ಯವನ್ನು ನಾವು ಲಘುವಾಗಿ ಎಣಿಸುವವರಲ್ಲ. ಅಂಡಮಾನಿನಲ್ಲಿ ನಮ್ಮವರೂ ಅದನ್ನು ಅನುಭವಿಸಿದರು. ಆದರೆ ಫುರುಹಾಶಿಯವರು ಹುಟ್ಟಿದುದು ೧೯೨೮ರಲ್ಲಿ. ಯುದ್ಧಕಾಲದಲ್ಲಿ ಶಾಲೆಯ ಹುಡುಗನಾಗಿದ್ದ ಅವರನ್ನು ಕಾರ್ಖಾನೆಯ ದುಡಿಮೆಗೆ ಹಚ್ಚಿದರು. ಅಲ್ಲಿ ಎಡಗೈಯ ನಡುಬೆರಳಿನ ತುದಿ ಯಂತ್ರದ ಪಾಲಾಯಿತು. ಈಜುಗಾರನಿಗೆ ಕೈಯೇ ಹುಟ್ಟು. ಅದನ್ನು ಊನಗೊಳಿಸಿಕೊಂಡ ಈ ಬಾಲಕನು ಯಾವ ಯುದ್ಧವನ್ನು ಹೂಡಿದ್ದನು?

೧೯೪೯ರಲ್ಲಿ ಬಾಗಿಲು ತೆರೆಯಿತು. ಲಾಸ್ ಏಂಜಲಿಸ್ ನಗರದಲ್ಲಿ ಅವರು ಅದೇ ದೂರವನ್ನು ೧೮ ನಿಮಿಷ ೧೯ ಸೆಕೆಂಡುಗಳಲ್ಲಿ ಈಜಿ ಅಮೆರಿಕನರನ್ನು ಬೆರಗುಗೊಳಿಸಿದರು. ಆದರೆ ಮರುವರ್ಷ ದಕ್ಷಿಣ ಅಮೆರಿಕದ ಪ್ರವಾಸದಲ್ಲಿ ಆಮಶಂಕೆ ತಗುಲಿ ದೇಹಬಲ ಕುಂದಿತು. ೧೯೫೨ರ ಹೆಲ್ಸಿಂಕಿ ಕೂಟದಲ್ಲಿ ೪೦೦ ಮೀಟರು ಅಂತಿಮ ಪಂದ್ಯದ ಎಂಟು ಮಂದಿಯಲ್ಲಿ ಅವರೇ ಕೊನೆಯವರು. ಅವರನ್ನು ದೂಷಿಸಬೇಡಿರೆಂದು ರೇಡಿಯೋ ವರದಿಗಾರನು ದೇಶಬಾಂಧವರನ್ನು ಬೇಡಿಕೊಳ್ಳಬೇಕಾಯಿತು.

ಸರಕಾರಕ್ಕೆ ನಾಲ್ಕು ವರ್ಷಗಳ ಬಹಿಷ್ಕಾರವು ಒಂದು ಮುಖಭಂಗ. ಈಜುಗಾರನಿಗಾದರೋ ಅದು ಪ್ರಾಯದ ಬಲವೆಲ್ಲವೂ ಹೌದು. ದಂಡಿಸಲೇಬೇಕಾದರೆ ಧ್ವಜವನ್ನು ತಡೆಯಲಿ, ರಾಷ್ಟ್ರಗೀತೆಯನ್ನು ತಡೆಯಲಿ. ನಿರಪರಾಧಿಯಾದ ಸ್ಪರ್ಧಿಯನ್ನು ಅವನ ಹೆಸರಿನಲ್ಲಿಯೇ ನೀರಿಗಿಳಿಯಗೊಡಲಿ.

ಫುರುಹಾಶಿಯವರು ಮುಂದೆ ಜಪಾನಿನ ಒಲಿಂಪಿಕ್ ಸಮಿತಿಯ ಅಧ್ಯಕ್ಷರಾದರು. ಒಮ್ಮೆ ತಮ್ಮ ದೇಶವನ್ನು ಹೊರಗಿಟ್ಟಿದ್ದ ಒಕ್ಕೂಟಕ್ಕೇ ಉಪಾಧ್ಯಕ್ಷರೂ ಆದರು. ೨೦೦೯ರಲ್ಲಿ, ರೋಮ್ ನಗರದಲ್ಲಿ ವಿಶ್ವ ಈಜು ಪಂದ್ಯಗಳು ನಡೆಯುತ್ತಿದ್ದಾಗ, ಅಲ್ಲಿಯೇ ತಮ್ಮ ೮೦ನೆಯ ವಯಸ್ಸಿನಲ್ಲಿ ತೀರಿಕೊಂಡರು. ಒಲಿಂಪಿಕ್ ಪದಕವೊಂದೂ ಅವರ ಹೆಸರಿನಲ್ಲಿಲ್ಲ.