ತಾಯಿಯನ್ನು ದೂರಬೇಡಿ

ನಾಲ್ಕೈದು ವರ್ಷದ ಹುಡುಗ ಪದೇ ಪದೇ ಬೀಳುತ್ತಾನೆ. ತೊಡೆಗೆ ಕೈಯೂರಿ ಏಳುತ್ತಾನೆ. ಮೀನಖಂಡ ಮಾತ್ರ ದಪ್ಪಗಿರುವುದರಿಂದ ಮನೆಯವರು 'ಸೋಮಾರಿ' ಎಂದು ಗದರುತ್ತಾರೆ. ರೋಗವೆಂದು ತಿಳಿದ ಮೇಲೆ ಬೈಗುಳ ತಾಯಿಯ ಕಡೆಗೆ ತಿರುಗುತ್ತದೆ. ಇದು ಅನ್ಯಾಯವೆಂದು ನಾವು ಸ್ಪಷ್ಟವಾಗಿ ಹೇಳಬಯಸುತ್ತೇವೆ.

ಡುಷೆನ್ ಮಸ್ಕ್ಯುಲರ್ ಡಿಸ್ಟ್ರೋಫಿ ಎಂಬ ಈ ಸ್ನಾಯುರೋಗ ಸುಮಾರು 5,000 ಗಂಡುಮಕ್ಕಳಲ್ಲಿ ಒಬ್ಬನಿಗೆ ಬರುತ್ತದೆ. 1987ರಲ್ಲಿ ವಿಜ್ಞಾನಿಗಳು ಗುರುತಿಸಿದ ಡಿಸ್ಟ್ರೋಫಿನ್ ಎಂಬ ಪ್ರೋಟೀನು ಇವರ ಸ್ನಾಯುಗಳಲ್ಲಿ ಇಲ್ಲವೆನ್ನುವಷ್ಟು ಕಡಿಮೆ. ಚಪ್ಪರದ ಕಂಬಕ್ಕೂ ಸೋಗೆಗೂ ನಡುವಣ ಕಟ್ಟಿನಂತೆ ಅದು ಸ್ನಾಯುಕೋಶದ ಒಳಚೌಕಟ್ಟನ್ನು ಹೊರಪೊರೆಗೆ ಬಿಗಿದಿಡುತ್ತದೆ. ಕಟ್ಟು ಇಲ್ಲದಿದ್ದರೆ ಸ್ನಾಯು ಕುಗ್ಗಿ ಹಿಗ್ಗಿದಾಗಲೆಲ್ಲ ಪೊರೆ ಹರಿಯುತ್ತದೆ, ಕೋಶ ಸಾಯುತ್ತದೆ. ಹನ್ನೆರಡರ ಸುಮಾರಿಗೆ ನಡಿಗೆ ನಿಲ್ಲುತ್ತದೆ. ಮುಂದೆ ಉಸಿರಾಟ, ಹೃದಯ ದುರ್ಬಲವಾಗುತ್ತವೆ.

ಇದರ ಜೀನು ಎಕ್ಸ್ ವರ್ಣತಂತುವಿನಲ್ಲಿದೆ. ಗಂಡುಮಗುವಿಗೆ ಆ ತಂತು ಒಂದೇ, ಅದೂ ತಾಯಿಯಿಂದ. ಆದರೆ ಸುಮಾರು ಮೂರರಲ್ಲೊಂದು ಪ್ರಸಂಗದಲ್ಲಿ ದೋಷ ಮಗುವಿನಲ್ಲಿ ಹೊಸದಾಗಿ ಹುಟ್ಟಿದ್ದು. ತಾಯಿಯಿಂದಲೇ ಬಂದರೂ ಅದು ಅವಳು ಮಾಡಿದ ತಪ್ಪಲ್ಲ, ಉಂಡದ್ದರಿಂದ ಬಂದುದಲ್ಲ. ರಕ್ತಸಂಬಂಧದ ಮದುವೆ ಬೇರೆ ಕೆಲವು ಸ್ನಾಯುರೋಗಗಳಿಗೆ ದಾರಿಯಾದೀತು, ಇದಕ್ಕಲ್ಲ. ದೂರುವ ಬದಲು ಮಗುವಿಗೆ ಸಿಕೆ ಎಂಬ ರಕ್ತಪರೀಕ್ಷೆ, ಬಳಿಕ ಜೀನು ಪರೀಕ್ಷೆ ಮಾಡಿಸಿ. ತಾಯಿಗೂ ಅಕ್ಕತಂಗಿಯರಿಗೂ ತಜ್ಞರ ಸಲಹೆ ಕೊಡಿಸಿ. ಪೂರ್ಣ ಗುಣ ಇನ್ನೂ ಇಲ್ಲ. ಆದರೆ ಸಕಾಲದಲ್ಲಿ ಕೊಟ್ಟ ಸ್ಟೀರಾಯ್ಡ್ ನಡಿಗೆಯನ್ನು ಕೆಲವು ವರ್ಷ ಉಳಿಸಬಲ್ಲುದು.

ಈ ಸಲಹೆ ಯಾವ ಭಾಷೆಯಲ್ಲಿ ಸಿಗಬೇಕು? 1953ರ ಅಕ್ಟೋಬರ್ 1ರಂದು ಬಳ್ಳಾರಿ ಜಿಲ್ಲೆಯಿಂದ ಆಂಧ್ರಕ್ಕೆ ಸೇರಿದ ಆದೋನಿ, ಆಲೂರುಗಳ ಕನ್ನಡಿಗರೂ ನಮ್ಮಂತೆ ಮನೆಗೊಂದು ನುಡಿ, ಕಚೇರಿಗೊಂದು ನುಡಿ ಎಂದು ಬಾಳುವವರು. ಅಲ್ಲಿಯ ಸರಕಾರ ತೀವ್ರ ಮಸ್ಕ್ಯುಲರ್ ಡಿಸ್ಟ್ರೋಫಿಯವರ ಮಾಸಿಕ ಪಿಂಚಣಿಯನ್ನು 2024ರಲ್ಲಿ 15,000 ರೂಪಾಯಿಗೆ ಏರಿಸಿತು. ಸ್ತುತ್ಯ ಕಾರ್ಯ. 2016ರ ಅಂಗವಿಕಲರ ಹಕ್ಕುಗಳ ಕಾಯಿದೆಯೂ ಈ ರೋಗವನ್ನು ಹೆಸರಿಸಿದೆ. ಆದರೆ ಓದಲಾಗದ ಅರ್ಜಿಯಿಂದ ಹಕ್ಕು ಕೈಗೆ ಬಾರದು. ತಿಳಿಯದ ನುಡಿಯ ಸಲಹೆ ತಾಯಿಯ ಮೇಲಿನ ಕಳಂಕವನ್ನು ತೊಳೆಯದು.

ಆದೋನಿಯಲ್ಲಾಗಲಿ ಕಾಸರಗೋಡಿನಲ್ಲಾಗಲಿ, ಇಂಥ ರೋಗಗಳ ವಿವರವನ್ನೂ ಅರ್ಜಿಯನ್ನೂ ಒಂದೊಂದು ಹಾಳೆಯಷ್ಟಾದರೂ ಕನ್ನಡದಲ್ಲಿ ಅಚ್ಚುಹಾಕಿಸಿ ಆಸ್ಪತ್ರೆಗಳಲ್ಲಿರಿಸಬೇಕೆಂದು ನಾವು ಒತ್ತಾಯಿಸುತ್ತೇವೆ. ಖರ್ಚು ಅಲ್ಪ. ಅತ್ತೆ ಮಾವಂದಿರ ಮುಂದೆ ಸೊಸೆ ಆ ಹಾಳೆಯನ್ನು ಓದಿ ಹೇಳುವಂತಾಗಲಿ.