ನೂರು ವರ್ಷ ತುಂಬುವವರೆಗೂ ಪಟ್ಟಿಯಲ್ಲಿ

ಕ್ಯಾಲಿಫೋರ್ನಿಯಾದ ಅಟಾರ್ನಿ ಜನರಲ್ ಅವರಿಗೆ ಬಹಿರಂಗ ಪತ್ರ



ಮಕ್ಕಳ ಮೇಲೆ ದೌರ್ಜನ್ಯ ಎಸಗಿದವರೆಂದು ತನಿಖೆಯಲ್ಲಿ ಕಂಡುಬಂದವರ ಕೇಂದ್ರ ಪಟ್ಟಿ 1965ರಿಂದಲೂ ರಾಜ್ಯದಲ್ಲಿದೆ. ಅದರ ಉಸ್ತುವಾರಿ ನಿಮ್ಮ ಇಲಾಖೆಯದು. ಅದಕ್ಕೆ ಹೆಸರು ಸೇರಲು ಕೋರ್ಟಿನ ತೀರ್ಪು ಬೇಕಿಲ್ಲ. ಆರೋಪ ದೃಢಪಟ್ಟಿದೆ ಎಂದು ಕೌಂಟಿಯ ಅಧಿಕಾರಿಗಳು ಬರೆದರೆ ಸಾಕು. ತೆಗೆಸದಿದ್ದರೆ ವಯಸ್ಕರ ಹೆಸರು ಅವರಿಗೆ 100 ವರ್ಷ ತುಂಬುವವರೆಗೂ ಅಲ್ಲೇ ಇರುತ್ತದೆ.

ಲಾಸ್ ಏಂಜಲೀಸ್ ಕೌಂಟಿಯ ಒಂದು ದಂಪತಿಯ ಪ್ರಕರಣ ನೋಡಿ. 2001ರಲ್ಲಿ ಹದಿಹರೆಯದ ಮಗಳು ಮನೆಯ ಕಾರು ತೆಗೆದುಕೊಂಡು ಯೂಟಾದಲ್ಲಿದ್ದ ಹೆತ್ತ ತಾಯಿಯ ಬಳಿಗೆ ಹೋಗಿ, ಅಪ್ಪ ಮತ್ತು ಮಲತಾಯಿ ಹಿಂಸಿಸಿದರೆಂದು ದೂರಿದಳು. ದಂಪತಿಯ ಬಂಧನವಾಯಿತು. ಮನೆಯಲ್ಲಿದ್ದ ಇನ್ನಿಬ್ಬರು ಮಕ್ಕಳನ್ನು ಸರ್ಕಾರ ವಶಕ್ಕೆ ಪಡೆಯಿತು. ಆದರೆ ವೈದ್ಯಕೀಯ ದಾಖಲೆಗಳ ಮುಂದೆ ಆರೋಪ ನಿಲ್ಲಲಿಲ್ಲ. ಕ್ರಿಮಿನಲ್ ಕೋರ್ಟು ಅವರನ್ನು ನಿರಪರಾಧಿಗಳೆಂದೇ ಘೋಷಿಸಿತು, ಬಾಲ ನ್ಯಾಯಾಲಯ ಆರೋಪ ನಿಜವಲ್ಲ ಎಂದಿತು. ಪಟ್ಟಿಯಲ್ಲಿ ಮಾತ್ರ ಅವರ ಹೆಸರು ಉಳಿದೇ ಉಳಿಯಿತು.

ಹೆಸರು ತೆಗೆಸಲು ಸರಿಯಾದ ದಾರಿಯನ್ನೇ ಕೊಡದ ಈ ವ್ಯವಸ್ಥೆ ಸಂವಿಧಾನಕ್ಕೆ ವಿರುದ್ಧ ಎಂದು ಇದೇ ದಂಪತಿಯ ಮೊಕದ್ದಮೆಯಲ್ಲಿ 9ನೇ ಸರ್ಕಿಟ್ ಫೆಡರಲ್ ಮೇಲ್ಮನವಿ ನ್ಯಾಯಾಲಯ 2009ರಲ್ಲಿ ಹೇಳಿತು. ಬಳಿಕ ಕಾನೂನು ತಿದ್ದುಪಡಿಯಾಯಿತು. 2012ರಿಂದ ದೃಢಪಡದ ದೂರುಗಳು ಪಟ್ಟಿಯಲ್ಲಿಲ್ಲ. ವಿಚಾರಣೆ ಕೇಳುವ ಹಕ್ಕೂ ಕಾನೂನಿನಲ್ಲಿ ಸೇರಿತು.

ಆದರೆ ಆ ಹಕ್ಕು ಸಿಗುವುದು ಹೆಸರು ಸೇರಿದ ಮೇಲೆ. ಅಂಚೆಯಲ್ಲಿ ನೋಟಿಸ್ ಬರುತ್ತದೆ. ಎಸ್‌ಒಸಿ 834 ಎಂಬ ಫಾರಂ ತುಂಬಿ 30 ದಿನಗಳೊಳಗೆ ಕಳಿಸಬೇಕು. ಮನೆ ಬದಲಿಸಿದವರು, ಕಾನೂನಿನ ಇಂಗ್ಲಿಷ್ ಅರ್ಥವಾಗದವರು, ಮಕ್ಕಳನ್ನು ಮನೆಗೆ ಕರೆತರಲು ಕೋರ್ಟು ಅಲೆಯುತ್ತಿರುವವರು ಈ ಗಡುವನ್ನು ಮೀರಿಬಿಡುವುದು ಸುಲಭ. ಪೆಟ್ಟು ಬೀಳುವುದು ವರ್ಷಗಳ ನಂತರ. ಮೊಮ್ಮಗುವನ್ನು ಸಾಕಲು ಮುಂದೆ ಬರುವ ಅಜ್ಜಿಯ ಹೆಸರನ್ನೂ ಈ ಪಟ್ಟಿಯೊಡನೆ ತಾಳೆ ನೋಡುತ್ತಾರೆ. ಫ್ರೀಮಾಂಟ್‌ನ ಕನ್ನಡ ಗೃಹಿಣಿಯೊಬ್ಬರು ಮನೆಯಲ್ಲೇ ಡೇ ಕೇರ್ ನಡೆಸಲು ಲೈಸೆನ್ಸ್ ಕೇಳಿದರೆ, ಆ ಮನೆಯಲ್ಲಿ ವಾಸಿಸುವ ಪ್ರತಿ ವಯಸ್ಕರಿಗೂ ಇದೇ ತಪಾಸಣೆ.

ಪಟ್ಟಿಯನ್ನೇ ಕಿತ್ತುಹಾಕಿ ಎಂಬುದು ಈ ಪತ್ರದ ಬೇಡಿಕೆಯಲ್ಲ. ಹಿಂಸಿಸಿದವರ ಕೈಗೆ ಮತ್ತೊಂದು ಮಗು ಸಿಗಬಾರದು. ಆದರೆ ನ್ಯೂಯಾರ್ಕ್ 2022ರಿಂದ ಬೇರೆ ದಾರಿ ತೋರಿಸಿದೆ: ಅಲ್ಲಿ ಹೆಸರು ಸೇರಿಸಲು ಹಿಂದಿಗಿಂತ ಗಟ್ಟಿ ಸಾಕ್ಷ್ಯ ಬೇಕು, ನಿರ್ಲಕ್ಷ್ಯದ ಪ್ರಕರಣಗಳು 8 ವರ್ಷಗಳ ಬಳಿಕ ಉದ್ಯೋಗದಾತರಿಗೆ ಸಿಗುವುದಿಲ್ಲ.

ಇಲಾಖೆ ಬರೀ ದಾಖಲೆ ಕಾಯುತ್ತದೆ, ಅದರ ನಿಖರತೆ ಕೌಂಟಿಗಳ ಹೊಣೆ ಎಂದು ಕಾನೂನು ಹೇಳುತ್ತದೆ, ನಿಜ. ಆದರೆ ಶಾಸಕಾಂಗದ ಮುಂದೆ ಮಸೂದೆ ತರಿಸುವ ಶಕ್ತಿ ನಿಮಗಿದೆ. ಹೆಸರು ಸೇರುವ ಮುನ್ನವೇ ಕೌಂಟಿಗೆ ಸೇರದ ಅಧಿಕಾರಿಯಿಂದ ವಿಚಾರಣೆ, ಪ್ರತಿ ಹತ್ತು ವರ್ಷಕ್ಕೊಮ್ಮೆ ಮರುಪರಿಶೀಲನೆ, ತಂದೆತಾಯಿಗೆ ಅರ್ಥವಾಗುವ ಭಾಷೆಯಲ್ಲಿ ನೋಟಿಸ್: ಈ ಮೂರನ್ನೂ ಒಳಗೊಂಡ ಮಸೂದೆಯನ್ನು ಮುಂದಿನ ಅಧಿವೇಶನದಲ್ಲೇ ತರಿಸಿ.